ಏಳಂಗುಲ ಕಡಿಮೆಯ ಗೋಲು

ಅರುಣ್ ನಮ್ಮ ಕಾಲೇಜಿಗೆ ಫುಟ್ಬಾಲ್ ಕಲಿಸಲು ಬಂದ ವರ್ಷ ಮೈದಾನದಲ್ಲಿ ಗೋಲಿನ ಕಂಬಗಳೇ ಇರಲಿಲ್ಲ. ಮೈದಾನ ಎಂದರೆ ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ, ಕಾಲೇಜಿನ ಬೆನ್ನಿಗೆ ಇಳಿಜಾರಾಗಿ ಬಿದ್ದುಕೊಂಡಿರುವ ಎರಡೂವರೆ ಎಕರೆ. ಮೇಲಿನ ತುದಿಗೆ ಹೊಂಗೆ ಮರ, ಕೆಳಗಿನ ತುದಿಗೆ ಯಾರದೋ ಕಬ್ಬು. ಚೆಂಡು ಇಳಿಜಾರು ಹಿಡಿದು ಕಬ್ಬಿನೊಳಗೆ ಹೋದರೆ ಹುಡುಗಿಯರು ಅದರ ಹಿಂದೆ ನುಗ್ಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಗರಿ ಕುಯ್ದ ಮೊಣಕೈಗಳ ಜೊತೆ ಚೆಂಡೂ ಹೊರಗೆ ಬರುತ್ತಿತ್ತು.

ಹುಡುಗಿಯರ ಫುಟ್ಬಾಲ್ ತಂಡ ಬೇಕೆಂದು ನಮ್ಮಲ್ಲಿ ಯಾರೂ ಆಸೆಪಟ್ಟಿರಲಿಲ್ಲ. ಕಾಲೇಜಿಗೆ ಶ್ರೇಣಿ ಕೊಡಲು ಬರುವವರು ಹೆಣ್ಣುಮಕ್ಕಳ ತಂಡ ಯಾವುದಿದೆ ಎಂದು ಕೇಳುತ್ತಾರೆಂದು ಪ್ರಾಂಶುಪಾಲ ಮಹದೇವಸ್ವಾಮಿಯವರಿಗೆ ಯಾರೋ ಹೇಳಿದ್ದರು. ಕಬಡ್ಡಿಗೆ ಆಗಲೇ ಪಕ್ಕದ ಕಾಲೇಜಿನವರ ಹೆಸರಿತ್ತು. ಫುಟ್ಬಾಲ್ ಖಾಲಿಯಿತ್ತು. ಹಾಗಾಗಿ ಹನ್ನೊಂದು ಹೆಸರುಗಳ ಪಟ್ಟಿ ಮೊದಲು ತಯಾರಾಯಿತು, ಚೆಂಡು ಆಮೇಲೆ ಬಂತು, ತರಬೇತುದಾರ ಎಲ್ಲಕ್ಕಿಂತ ಕೊನೆಗೆ ಬಂದ.

ನಾನು ಅದೇ ಕಾಲೇಜಿನಲ್ಲಿ ಕನ್ನಡಕ್ಕೆ ಅತಿಥಿ ಉಪನ್ಯಾಸಕಿ. ಹುಡುಗಿಯರು ಹೊರಗೆ ಆಡಲು ಹೋದಾಗ ಜೊತೆಗೆ ಒಬ್ಬ ಮೇಡಂ ಹೋಗಲೇಬೇಕೆಂಬ ನಿಯಮವಿದೆ. ಮನೆಯಲ್ಲಿ ಮಕ್ಕಳಿಲ್ಲದ ಮೇಡಂ ನಾನೊಬ್ಬಳೇ. ಜೊತೆಗೆ, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಆಡಳಿತ ಮಂಡಳಿಯ ನಡಾವಳಿ ಪುಸ್ತಕ ಬರೆಯುವ ಕೆಲಸವೂ ನನಗೇ ಬಿದ್ದಿತ್ತು. ಅರುಣನ ವಿಷಯ ಎರಡೂ ಕಡೆಯಿಂದ ನನಗೆ ಗೊತ್ತಿರುವುದು ಹೀಗೆ.

ಅವನ ಊರು ಹೊಣಕೆರೆ. ತಂದೆ ಕೃಷ್ಣಮೂರ್ತಿ ಆಚಾರ್ರು ಬಾಗಿಲುವಾಡ ಮಾಡುವುದರಲ್ಲಿ ಸುತ್ತಿನ ಹಳ್ಳಿಗಳಿಗೆಲ್ಲ ಹೆಸರಾದವರು. ಅವರು ನಿಲ್ಲಿಸಿದ ಬಾಗಿಲು ಮಳೆಗಾಲದಲ್ಲಿ ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಸಡಿಲವಾಗುವುದಿಲ್ಲ ಎನ್ನುತ್ತಾರೆ. ಅರುಣ್ ಉಳಿ ಹಿಡಿಯಲಿಲ್ಲ. ಮೈಸೂರಿನಲ್ಲಿ ಓದಿ, ಅಲ್ಲಿನ ಕಾಲೇಜು ತಂಡದಲ್ಲಿ ಬಹುಪಾಲು ಬೆಂಚಿನ ಮೇಲೆ ಕೂತು, ದೈಹಿಕ ಶಿಕ್ಷಣದ ಪದವಿ ತೆಗೆದುಕೊಂಡು ಮೂವತ್ತೊಂದನೇ ವಯಸ್ಸಿಗೆ ನಮ್ಮಲ್ಲಿಗೆ ಬಂದ. "ಕೆಲ್ಸ ಮಾಡೋ ಕೈ ಕೊಟ್ಟವ್ನೆ ದೇವ್ರು, ಇವ್ನು ಕಾಲ್ನಾಗೆ ಬದುಕ್ತೀನಿ ಅಂತಾನೆ" ಎಂದು ತಂದೆ ಒಮ್ಮೆ ನನ್ನ ಮುಂದೆಯೇ ಹೇಳಿದರು. ಅದರಲ್ಲಿ ಸಿಟ್ಟು ಇರಲಿಲ್ಲ. ಸೀಳು ಬಿಟ್ಟ ಮರದ ವಿಷಯ ಹೇಳುವಂತೆ ಹೇಳಿದ್ದರು.

ಬಂದ ಮೊದಲ ವಾರವೇ ಅರುಣ್ ಕಂಬಗಳನ್ನು ಕೇಳಿದ. ಮಂಡಳಿಯ ಅಧ್ಯಕ್ಷರು ಚಲುವರಾಜು. ಕಬ್ಬು, ಭತ್ತ, ಎರಡು ಲಾರಿ, ಒಂದು ಪೆಟ್ರೋಲ್ ಬಂಕು ಇರುವ ಮನೆತನದವರು. ಅವರು ಕಾಲೇಜಿನ ವರಾಂಡದಲ್ಲಿ ಕಾಲು ಚಾಚಿ ಕೂತೇ ಉತ್ತರ ಕೊಟ್ಟರು.

"ನಿಮ್ಮಪ್ಪ ಆಚಾರಿ ಅಲ್ವೇನ್ಲಾ? ಮನೇಲೇ ಇಟ್ಕಂಡು ನನ್ ಕೇಳ್ತೀಯಲ್ಲ. ಮಾಡಿಸ್ಬುಡು."

ಮಂಡಳಿ ಕೊಟ್ಟಿದ್ದು ಅಷ್ಟೇ, ಆ ಒಂದು ಮಾತು. ಆಚಾರ್ರು ತಮ್ಮ ಕೊಟ್ಟಿಗೆಯ ಅಟ್ಟಕ್ಕೆಂದು ಇಟ್ಟುಕೊಂಡಿದ್ದ ನೀಲಗಿರಿ ಮರಗಳನ್ನು ಇಳಿಸಿ, ಹೆರೆದು, ಎಣ್ಣೆ ಹಚ್ಚಿ ಒಂದು ಗೋಲು ಮಾಡಿಕೊಟ್ಟರು. ಒಂದೇ ಗೋಲು. ಆಚೆ ತುದಿಗೆ ಎರಡು ಕಲ್ಲು. ಕಂಬ ನಿಲ್ಲಿಸುವ ದಿನ ಅವರು ಬಿಳಿ ಪಂಚೆ ಉಟ್ಟು ಬಂದರು. ಗುಂಡಿಗೆ ನವಧಾನ್ಯ ಹಾಕಿದರು, ಕಂಬಗಳಿಗೆ ಅರಿಶಿನ ಕುಂಕುಮ ಇಟ್ಟರು, ಅಡ್ಡಮರಕ್ಕೆ ಮಾವಿನ ಸೊಪ್ಪು ಕಟ್ಟಿದರು. ಮನೆಯ ತಲೆಬಾಗಿಲು ನಿಲ್ಲಿಸುವಾಗ ಮಾಡುವುದನ್ನೆಲ್ಲ ಮಾಡಿದರು. ಅಂದಿನಿಂದ ಹುಡುಗಿಯರು ಗೋಲಿನ ಗೆರೆಯನ್ನು ತುಳಿಯದೆ ದಾಟತೊಡಗಿದರು. ಗೋಲ್‌ಕೀಪರ್ ದಿವ್ಯ ಆಟಕ್ಕೆ ನಿಲ್ಲುವ ಮೊದಲು ಎಡಗಂಬ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ತೊಣ್ಣೂರಿನ ಹುಡುಗಿ ಅವಳು. ಕೆರೆಯಲ್ಲಿ ಈಜಿ ಬೆಳೆದವಳಾದ್ದರಿಂದ ಮೈ ಚೆಲ್ಲಿ ಬೀಳಲು ಅವಳಿಗೆ ಹೆದರಿಕೆಯೇ ಇರಲಿಲ್ಲ.

ಅಭ್ಯಾಸಕ್ಕೆ ಸಿಗುತ್ತಿದ್ದುದು ಮೂರೂವರೆಯಿಂದ ಐದರವರೆಗೆ. ಐದೂ ಹತ್ತಕ್ಕೆ ಕೊನೆಯ ಬಸ್ಸು. ಅದು ತಪ್ಪಿದರೆ ಆರು ಹುಡುಗಿಯರ ಮನೆಯವರು ಕಾಲೇಜನ್ನೇ ಬಿಡಿಸುತ್ತೇವೆ ಎಂದಿದ್ದರು. ಆ ಒಂದೂವರೆ ಗಂಟೆಯಲ್ಲಿ ದಿವ್ಯಳಿಗೆ ಅರುಣ್ ಕಲಿಸಿದ್ದು ಹೆಜ್ಜೆ. ಈ ಕಂಬದಿಂದ ಆ ಕಂಬಕ್ಕೆ ಎಷ್ಟು ಹೆಜ್ಜೆ, ನಡುವೆ ನಿಂತರೆ ಯಾವ ಕಡೆಗೆ ಎಷ್ಟು ಹೆಜ್ಜೆ ಇಟ್ಟು ಹಾರಬೇಕು, ಕೈ ಎಲ್ಲಿಗೆ ಮುಟ್ಟುತ್ತದೆ. "ಕಣ್ಣು ಚೆಂಡಿನ್ ಮೇಲಿರ್ಲಿ. ಕಂಬ ಎಲ್ಲೈತೆ ಅಂತ ಬೆನ್ನಿಗೆ ಗೊತ್ತಿರ್ಬೇಕು" ಎನ್ನುತ್ತಿದ್ದ. ಒಂದು ತಿಂಗಳಿಗೆ ಅವಳ ಬೆನ್ನಿಗೆ ಅದು ಗೊತ್ತಾಯಿತು.

ಆಮೇಲೆ ಅವರು ಸೋಲತೊಡಗಿದರು.

ಅಂತರ ಕಾಲೇಜು ಪಂದ್ಯಗಳೆಲ್ಲ ಹೊರಗೆ, ನಮ್ಮ ಇಳಿಜಾರಿಗೆ ಯಾರು ಬರುತ್ತಾರೆ. ಆರು ಪಂದ್ಯ ಆಡಿದರು, ಆರೂ ಸೋತರು. ಅರುಣನದು ತಪ್ಪಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಬೆಂಚಿನ ಮೇಲೆ ಕೂತು ಆಟ ಕಲಿತವನ ಹಾಗೆ ಅವನಿಗೆ ಎಲ್ಲವೂ ತಡವಾಗಿ ಹೊಳೆಯುತ್ತಿತ್ತು. ಸುಸ್ತಾದವಳ ಜಾಗ ಬದಲಿಸಲು ಸಂಕೋಚ. ಉದ್ದ ಹೊಡೆಯಲು ಶಕ್ತಿಯಿಲ್ಲದ ಹುಡುಗಿಯರಿಗೆ ಉದ್ದ ಹೊಡೆಯಿರಿ ಎಂದು ಅಂಚಿನಿಂದ ಕೂಗುತ್ತಿದ್ದ. ಆದರೆ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ರೀತಿ ಬಿದ್ದವು. ದಿವ್ಯ ಸರಿಯಾದ ಕಡೆಗೇ ಹಾರುತ್ತಿದ್ದಳು, ಸರಿಯಾದ ಹೊತ್ತಿಗೇ ಹಾರುತ್ತಿದ್ದಳು, ಚೆಂಡು ಅವಳ ಬೆರಳ ತುದಿಗೂ ಕಂಬಕ್ಕೂ ನಡುವೆ ನುಸುಳಿ ಬಲೆಗೆ ಬೀಳುತ್ತಿತ್ತು. ಇಲ್ಲವಾದರೆ ಬೆರಳಿಗೂ ಅಡ್ಡಮರಕ್ಕೂ ನಡುವೆ. ಕೆಳಗೆ ಬಿದ್ದವಳು ಎದ್ದು ಕಂಬವನ್ನೇ ನೋಡುತ್ತಿದ್ದಳು.

ಅಕ್ಟೋಬರಿನಲ್ಲಿ ಶ್ರೀರಂಗಪಟ್ಟಣದಲ್ಲಿ ನಡೆದ ಆರನೇ ಪಂದ್ಯದಲ್ಲಿ ಹೀಗೆಯೇ ಮೂರು ಬಿದ್ದವು. ಮುಗಿದ ಮೇಲೆ ದಿವ್ಯ ಶೂ ಬಿಚ್ಚುತ್ತಾ ತನ್ನಷ್ಟಕ್ಕೆ ಎಂಬಂತೆ ಹೇಳಿದಳು.

"ಎಲ್ಲಿಗ್ ಓದ್ರೂ ಗೋಲು ನಮ್ಮುದ್ಕಿಂತ ದೊಡ್ಡುದಾಗಿರ್ತದೆ ಸಾರ್."

ಉಳಿದವರು ನಕ್ಕರು. "ಊಂ ಕಣೇ, ನಿಂಗ್ ಅಂತಾನೆ ಎಳ್ದು ದೊಡ್ಡುದ್ ಮಾಡವ್ರೆ" ಎಂದು ಒಬ್ಬಳು ಅಣಕಿಸಿದಳು. ಅರುಣ್ ನಗಲಿಲ್ಲ. ಸುಣ್ಣದ ಗೆರೆ ಎಳೆಯಲು ಇಟ್ಟುಕೊಂಡಿದ್ದ ಹಗ್ಗವನ್ನು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಕಂಬಕ್ಕೆ ಒತ್ತಿ ಹಿಡಿಯಲು ಹೇಳಿದ. ಇನ್ನೊಂದು ಕಂಬದ ಹತ್ತಿರ ಹೋಗಿ ಹಗ್ಗಕ್ಕೆ ಗಂಟು ಹಾಕಿದ. ದಾರಿಯುದ್ದಕ್ಕೂ ಆ ಹಗ್ಗ ಅವನ ತೊಡೆಯ ಮೇಲಿತ್ತು.

ಕಾಲೇಜಿಗೆ ಬಂದು ಹುಡುಗಿಯರನ್ನು ಬಸ್ಸಿಗೆ ಹತ್ತಿಸಿದ ಮೇಲೆ ನಾವಿಬ್ಬರೂ ನಮ್ಮ ಗೋಲಿಗೆ ಹಗ್ಗ ಹಿಡಿದೆವು. ಗಂಟು ಕಂಬಕ್ಕೆ ಸಿಗಲಿಲ್ಲ. ಕಂಬದ ಆಚೆ ನಿಂತಿತು. ಅವನು ಬೆರಳುಗಳಿಂದ ಆ ಅಂತರವನ್ನು ಅಳೆದ. ಏಳಂಗುಲ.

"ನೀವು ಮೊದಲೇ ಅಳೆದು ನೋಡಲಿಲ್ಲವೇ?" ಎಂದೆ. ಕೇಳಬಾರದಿತ್ತೇನೋ, ಆದರೆ ಕೇಳಬೇಕಾದ ಮಾತೇ.

"ನಮ್ಮಪ್ಪ ನಿಲ್ಲಿಸಿದ್ಕೆ ನಾನ್ ಟೇಪ್ ಇಡೋದಾ ಮೇಡಂ?" ಎಂದ.

ಕೃಷ್ಣಮೂರ್ತಿ ಆಚಾರ್ರು ಆಗ ದೂರವೇನೂ ಇರಲಿಲ್ಲ. ಕಾಲೇಜಿನ ಎದುರು ಬೀದಿಯಲ್ಲಿ ಚಲುವರಾಜು ಹೊಸ ಮನೆ ಕಟ್ಟಿಸುತ್ತಿದ್ದರು. ಅದರ ಬಾಗಿಲು ಕಿಟಕಿಗಳೆಲ್ಲ ಆಚಾರ್ರದೇ ಕೆಲಸ. ನಾವು ಹೋದಾಗ ತಗಡಿನ ಚಪ್ಪರದಡಿ ತಲೆಬಾಗಿಲಿನ ತೇಗದ ಮರಕ್ಕೆ ಉಳಿ ಹಾಕುತ್ತಿದ್ದರು. ಅರುಣ್ ತಪ್ಪು ಹಿಡಿಯುವ ದನಿಯಲ್ಲಿ ಕೇಳಲಿಲ್ಲ. ಗೋಲಿಗೆ ಇಪ್ಪತ್ತನಾಲ್ಕು ಅಡಿ ಅಂದಿದ್ದೆನಲ್ಲ ಅಪ್ಪ, ಅಂದ ಅಷ್ಟೇ.

ಆಚಾರ್ರ ಮುಖ ಅರಳಿತು. ಯಾರಾದರೂ ಇದನ್ನು ಕೇಳಲಿ ಎಂದೇ ಕಾದಿದ್ದವರ ಹಾಗೆ ಉಳಿ ಕೆಳಗಿಟ್ಟರು.

"ಇಪ್ಪತ್ನಾಕಡಿ ಅಂದ್ರೆ ಇನ್ನೂರ ಎಂಬತ್ತೆಂಟ್ ಅಂಗ್ಲ. ಎಂಟ್ರಾಗೆ ಭಾಗ್ಸು. ಏನ್ ಉಳೀತದೆ?"

"ಸೊನ್ನೆ."

"ಸೊನ್ನೆ ಅಂದ್ರೆ ಕಾಕಾಯ. ಕಾಗೆ. ಕಾಗೆ ಆಯದಲ್ಲಿ ಬಾಗ್ಲು ನಿಲ್ಲಿಸಿದ್ರೆ ಆ ಮನೇಲಿ ಏನ್ ಉಳೀತದ್ಲಾ? ಮರ ಆಗ್ಲೇ ಕುಯ್ದಾಗಿತ್ತು, ಎಳ್ದು ಉದ್ದ ಮಾಡಕಾಯ್ತದಾ. ಏಳಂಗ್ಲ ತಗ್ದೆ. ಇನ್ನೂರ ಎಂಬತ್ತೊಂದು. ಒಂದ್ ಉಳೀತು. ಧ್ವಜಾಯ. ಎತ್ತರದಲ್ಲೂ ಅಂಗೇ ಏಳು ತಗ್ದೆ. ಹೆಣ್ಮಕ್ಳು ಆಡೋದು, ಗೆಲ್ಲೋ ಆಯ ಇರ್ಲಿ ಅಂತ."

ಬಾಗಿಲು ಮಾಡುವವರ ಲೆಕ್ಕ ಅದು. ಅಳತೆಯನ್ನು ಎಂಟರಿಂದ ಭಾಗಿಸಿ, ಉಳಿದ ಅಂಕಿಯಿಂದ ಆ ಬಾಗಿಲಿನ ಶುಭ ಅಶುಭ ನೋಡುತ್ತಾರೆ. ಒಂದು ಉಳಿದರೆ ಧ್ವಜ, ಏನೂ ಉಳಿಯದಿದ್ದರೆ ಕಾಗೆ. ನಲವತ್ತೈದು ವರ್ಷದಿಂದ ಅವರು ಒಂದು ಬಾಗಿಲನ್ನೂ ಕಾಗೆಗೆ ಬಿಟ್ಟಿರಲಿಲ್ಲ. ಅದರಲ್ಲೂ ಮಗನ ಗೋಲನ್ನು ಬಿಡುತ್ತಾರೆಯೇ.

ಅಷ್ಟರಲ್ಲಿ ಚಲುವರಾಜು ಅವರ ಹೆಂಡತಿ ಮಂಗಳಮ್ಮ ಕಾಫಿ ತಂದರು. "ಏನ್ ಆಚಾರ್ರೆ, ಮಗುಂಗೆ ಅಳತೆ ಪಾಠವಾ?" ಎಂದರು. ಅರುಣ್ ಹಗ್ಗವನ್ನು ಜೇಬಿನೊಳಗೆ ತುರುಕಿಕೊಂಡ. ಹೊರಗೆ ಬಂದ ಮೇಲೆ, "ಈ ಮನೆ ಬಾಗ್ಲು ಆಗೋಗಂಟ ಯಾರಿಗೂ ಹೇಳ್ಬೇಡಿ" ಎಂದ. ಆಚಾರಿಯ ಅಳತೆ ತಪ್ಪಿತು ಎಂಬ ಮಾತು ಒಮ್ಮೆ ಹೊರಬಿದ್ದರೆ ಅದು ಯಾವ ಬಾಗಿಲಿನದು, ಯಾಕೆ ತಪ್ಪಿತು ಎಂದು ಯಾರೂ ವಿಚಾರಿಸುವುದಿಲ್ಲ. ಅವರ ಕೈಯಲ್ಲಿ ಬಾಗಿಲು ಮಾಡಿಸುವುದನ್ನೇ ನಿಲ್ಲಿಸುತ್ತಾರೆ.

ನವೆಂಬರಿನಲ್ಲಿ ಮಂಡಳಿ ಸೇರಿತು. ವಿಷಯ ಒಂದೇ: ಫುಟ್ಬಾಲ್ ತರಬೇತುದಾರನನ್ನು ಮುಂದುವರಿಸಬೇಕೇ ಬೇಡವೇ.

ಆ ಕೋಣೆಯ ವಾಸನೆ ನನಗೆ ಇನ್ನೂ ಮೂಗಿನಲ್ಲಿದೆ. ಮುಚ್ಚಿದ ಕಿಟಕಿ, ಬಿಸಿ ನಿಪ್ಪಟ್ಟಿನ ಎಣ್ಣೆ, ಯಾರದೋ ಒದ್ದೆ ಕಾಲುಚೀಲ. ಆರು ಪಂದ್ಯಗಳ ಹಾಳೆಗಳನ್ನು ನಾನು ನೀಟಾಗಿ ಬರೆದು ಒಬ್ಬೊಬ್ಬರ ಮುಂದೆ ಇಟ್ಟಿದ್ದೆ. ಯಾವ ಗೋಲು ಯಾವ ಮೂಲೆಗೆ ಬಿತ್ತು ಎಂದು ಕೂಡ ಗುರುತು ಹಾಕಿದ್ದೆ. ಅಕ್ಕಿ ಗಿರಣಿಯ ದೇವಯ್ಯನವರು ತಮ್ಮ ಹಾಳೆಯ ಮೇಲೆ ನಿಪ್ಪಟ್ಟು ಇಟ್ಟುಕೊಂಡು ತಿಂದರು. ದಿವ್ಯಳ ಹೆಸರಿನ ಮೇಲೆ ಎಣ್ಣೆ ಅಗಲವಾಗಿ ಹರಡಿತು.

ಅರುಣನನ್ನು ಒಳಗೆ ಕರೆದರು. ಕೂರಲು ಹೇಳಲಿಲ್ಲ.

"ಆರಕ್ಕಾರೂ ಸೋತವ್ರಲ್ಲಯ್ಯ, ಕಾರಣ ಏನು?" ಎಂದರು ಪ್ರಾಂಶುಪಾಲರು.

ಕಿಟಕಿಯಾಚೆ, ಎದುರು ಬೀದಿಯಿಂದ ಆಚಾರ್ರ ಕೊಡತಿ ಉಳಿಗೆ ಬೀಳುವ ಸದ್ದು ಬರುತ್ತಿತ್ತು. ಒಂದೇ ಹದದಲ್ಲಿ, ನಿಲ್ಲದೆ. ಅರುಣ್ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಹೇಳುತ್ತಾನೆ ಎಂದು ನಾನು ಪೆನ್ನು ಹಿಡಿದು ಕಾದೆ. ಕಾರಣ ಅವನ ಬಳಿ ಇತ್ತು. ಏಳಂಗುಲ ಉದ್ದದ ಕಾರಣ, ಅಳೆದು ತೋರಿಸಬಹುದಾದ ಕಾರಣ.

"ಟೈಮ್ ಬೇಕು ಸಾರ್" ಎಂದ. "ಒಂದ್ ವರ್ಷ ಕೊಡಿ. ಸರಿ ಮಾಡ್ತೀನಿ."

"ಏನ್ ಸರಿ ಮಾಡ್ತೀಯ?"

"ಕೀಪಿಂಗು ಸಾರ್."

ಹೊರಗೆ ಕಳಿಸಿದರು.

"ತಗ್ದಾಕಿ ಅತ್ಲಾಗೆ" ಎಂದರು ದೇವಯ್ಯ. "ಗೋಲ್ ನೋಡಕ್ ಯಾರ್ ಬತ್ತಾರೆ? ಹೆಣ್ಮಕ್ಳು ಓಡೋದ್ ನೋಡಕ್ ಬತ್ತಾರೆ. ಅದ್ಕೆ ಕೋಚ್ ಯಾಕ್ ಬೇಕು?"

ನಕ್ಕರು. ಪ್ರಾಂಶುಪಾಲರು ನನ್ನ ಕಡೆ ಒಮ್ಮೆ ನೋಡಿ, ನಗುವನ್ನು ಕೆಮ್ಮಾಗಿ ಬದಲಾಯಿಸಿಕೊಂಡರು. ಹನ್ನೊಂದು ಹುಡುಗಿಯರು ಕಾಲು ಮುಚ್ಚುವ ಪ್ಯಾಂಟು ಹಾಕಿಕೊಂಡು, ತೋಳಿಗೆ ಕಬ್ಬಿನ ಗೀರು ಮಾಡಿಕೊಂಡು ಓಡುವುದು ನನ್ನ ಕಣ್ಣಿಗೆ ಬಂತು. ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಮುಂದಿನ ವರ್ಷ ಅತಿಥಿಯಾಗಿ ನನ್ನನ್ನು ಯಾರು ಕರೆಯುತ್ತಿದ್ದರು.

ಚಲುವರಾಜು ಮಾತ್ರ ನಕ್ಕಿರಲಿಲ್ಲ. ಟೀ ಲೋಟ ತಿರುಗಿಸುತ್ತಾ ಯೋಚನೆ ಮಾಡುತ್ತಿದ್ದರು. ಒಂದು ಕ್ಷಣ ನನಗೆ ಅವರ ಮೇಲೆ ಗೌರವವೇ ಬಂತು.

"ತಡೀರಿ" ಎಂದರು. "ನಮ್ ತಲೆಬಾಗ್ಲು ಇನ್ನೂ ನಿಂತಿಲ್ಲ. ಆಚಾರಿ ಮನ್ಸು ನೋಯಿಸ್ಬುಟ್ಟು ಬಾಗ್ಲು ನಿಲ್ಲಿಸ್ಕಂಡ್ರೆ ಮನೆಗ್ ಆಯ್ತದಾ? ಮಾಘದಲ್ಲಿ ಗೃಹಪ್ರವೇಶ. ಬಾಗ್ಲು ಒಪ್ಪಿಸಿ, ಉಡುಗೊರೆ ತಗಂಡು, ಬಾಯ್ತುಂಬ ಒಳ್ಳೇದಾಗ್ಲಿ ಅಂದ್ಬುಟ್ಟು ಓಗ್ಲಿ ಅವಯ್ಯ. ಅಲ್ಲಿಗಂಟ ಇವ್ನು ಇರ್ಲಿ ಬುಡಿ. ಚೆಂಡ್ ಒದಿಸ್ಕಂಡು ಬಿದ್ದಿರ್ಲಿ."

"ಅದೂ ಸರೀನೇ" ಎಂದರು ದೇವಯ್ಯ. ಇದರಲ್ಲಿ ಯಾರಿಗೂ ಎರಡನೆಯ ಅಭಿಪ್ರಾಯ ಇರಲಿಲ್ಲ. ಆಚಾರಿಯ ಕಣ್ಣೀರು ಹೊಸಿಲಿಗೆ ಬೀಳಬಾರದು ಎಂಬುದು ಅಲ್ಲಿ ಕೂತಿದ್ದ ಎಲ್ಲರ ಮನೆಯಲ್ಲೂ ನಡೆದುಬಂದದ್ದೇ. ಹೊಸಿಲು ದಾಟಿದ ಮೇಲೆ ಬಿದ್ದರೆ ಪರವಾಗಿಲ್ಲ.

"ಬರ್ಕೊಳ್ಳಿ ಮೇಡಂ" ಎಂದು ಪ್ರಾಂಶುಪಾಲರು ಹೇಳಿ ಬರೆಸಿದರು. ಕ್ರೀಡೆಯ ಹಿತದೃಷ್ಟಿಯಿಂದ ತರಬೇತುದಾರರಿಗೆ ಫೆಬ್ರವರಿ ಮೂರನೆಯ ವಾರದವರೆಗೆ ಕಾಲಾವಕಾಶ ನೀಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ನಾನು ಬರೆದುಕೊಂಡೆ.

ಹೊರಗೆ ಹೊಂಗೆ ಮರದ ಕೆಳಗೆ ಅರುಣ್ ಕಾದಿದ್ದ. ಫೆಬ್ರವರಿವರೆಗೆ ಎಂದೆ. ಅವನು ಬೆರಳಿನಲ್ಲಿ ತಿಂಗಳು ಎಣಿಸಿ, "ಕೆ.ಆರ್. ಪೇಟೆ ಮ್ಯಾಚು ಫೆಬ್ರವರಿ ಕೊನೇಲಿ. ಒಂದ್ ವಾರ ಈಚೆ ಆಚೆ ಅಲ್ವಾ, ಅಷ್ಟಕ್ಕೇನ್ ಅಂತಾರೆ" ಎಂದು ನಕ್ಕ. ಕಾಲಾವಕಾಶ ಯಾತಕ್ಕೆ ಸಿಕ್ಕಿದ್ದೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂದು ಮನೆಗೆ ಹೋಗಿ ಎರಡು ಸಲ ಕೈ ತೊಳೆದೆ. ನಿಪ್ಪಟ್ಟನ್ನು ನಾನು ಮುಟ್ಟಿಯೇ ಇರಲಿಲ್ಲ.

ಆ ಏಳಂಗುಲವೇ ಸೋಲಿಗೆ ಕಾರಣವೆಂದು ಅರುಣ್ ತಂದೆಗೆ ಹೇಳಿದ್ದು ಡಿಸೆಂಬರಿನಲ್ಲಿ. ಹೇಳಿದ ಮೇಲೆ ಎರಡು ದಿನ ಆಚಾರ್ರಿಗೆ ಅರುಣನ ತಾಯಿ ಸುಬ್ಬಮ್ಮ ಬಡಿಸಿದ ಮುದ್ದೆ ತಟ್ಟೆಯಲ್ಲೇ ಆರಿತಂತೆ. ಮೂರನೆಯ ದಿನ ಸಂಜೆ ಅವರು ಚಲುವರಾಜು ಮನೆಯ ಕೆಲಸ ಬಿಟ್ಟು ಸೀದಾ ಮೈದಾನಕ್ಕೆ ಬಂದರು. ಗೋಲಿನ ಮುಂದೆ ನಿಂತು ತಾವು ಮಾಡಿದ್ದನ್ನೇ ಹೊಸದಾಗಿ ನೋಡಿದರು.

"ಕಾಗೆ ಆಯದಲ್ಲಿ ನಾನ್ ನಿಲ್ಸಕಿಲ್ಲ" ಎಂದರು ಮಗನಿಗೆ. "ಬೇರೆ ಯಾರ್ಗಾರ ಹೇಳು. ನನ್ ಕೈಲಿ ಆಗಕಿಲ್ಲ."

ಉತ್ತರ ಕೊಟ್ಟಿದ್ದು ದಿವ್ಯ. ಗೋಲಿನೊಳಗೆ ನಿಂತು ಕೈಗೆ ಗ್ಲೌಸು ಎಳೆದುಕೊಳ್ಳುತ್ತಾ ಹೇಳಿದಳು.

"ತಾತ, ಮನೆ ಬಾಗ್ಲು ಜನ ಒಳಕ್ ಬರ್ಲಿ ಅಂತ ಇರೋದು. ಇದು ಯಾರೂ ಒಳಕ್ ಬರ್ಬಾರ್ದ್ ಬಾಗ್ಲು."

ಆಚಾರ್ರು ಅವಳನ್ನು ನೋಡಿದರು. ಕಂಬಗಳನ್ನು ನೋಡಿದರು. ತುಟಿಯಲ್ಲೇ ಏನೋ ಭಾಗಾಕಾರ ಮಾಡಿಕೊಂಡರು.

"ಯಾರೂ ಬರ್ಬಾರ್ದಾ?"

"ಒಬ್ರೂ ಬರ್ಬಾರ್ದು."

"ಅಂಗಾರೆ ಕಾಗೇನೇ ಸರಿ ಕಣವ್ವ" ಎಂದು ಅವರು ಮೆಲ್ಲಗೆ ನಕ್ಕರು. "ಇಷ್ಟ್ ವರ್ಷ ಅದ್ಕೊಂದು ಜಾಗ ಇರ್ನಿಲ್ಲ ನೋಡು."

ಹೊಸ ಮರ ತಂದು, ಇನ್ನೂರ ಎಂಬತ್ತೆಂಟಕ್ಕೆ ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲದೆ ಕುಯ್ದು, ವಾರದೊಳಗೆ ನಿಲ್ಲಿಸಿದರು. ಈ ಸಲ ಅರಿಶಿನ ಇಲ್ಲ, ಮಾವಿನ ಸೊಪ್ಪು ಇಲ್ಲ. ಹುಡುಗಿಯರಿಗೆ ಬೋಳು ಅನ್ನಿಸಿತು. ದಿವ್ಯ ಮಾತ್ರ ಹಳೆಯ ಹಾಗೆಯೇ ಎಡಗಂಬ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎರಡು ತಿಂಗಳು ಅರುಣ್ ಅವಳಿಗೆ ಹಳೆಯ ಹೆಜ್ಜೆಗಳನ್ನು ಮರೆಸಿದ. ಕಲಿಸಿದ್ದನ್ನು ಮರೆಸುವುದು ಎಷ್ಟು ಕಷ್ಟವೆಂದು ಪಾಠ ಮಾಡುವ ನನಗೆ ಗೊತ್ತು. ಜನವರಿಯ ಚಳಿಯಲ್ಲಿ ಅವಳು ಹಾರಿ ಹಾರಿ ಬಿದ್ದಳು. ಬೆರಳಿಗೂ ಕಂಬಕ್ಕೂ ನಡುವಿನ ಬೆಳಕು ದಿನದಿನಕ್ಕೆ ಕಿರಿದಾಯಿತು. ಅವನು ಕೂಗುವುದನ್ನೂ ಕಡಿಮೆ ಮಾಡಿದ್ದ. ತಪ್ಪು ತನ್ನದು ಎಂದು ಗೊತ್ತಾದ ಮೇಲೆ ಅವನು ಒಳ್ಳೆಯ ಮೇಷ್ಟ್ರಾದ. ಎಲ್ಲರಿಗೂ ಹಾಗಾಗುವುದಿಲ್ಲ.

ಗೃಹಪ್ರವೇಶ ಫೆಬ್ರವರಿ ಹತ್ತೊಂಬತ್ತಕ್ಕೆ. ಹಿಂದಿನ ದಿನ ಪ್ರಾಂಶುಪಾಲರು ನನ್ನನ್ನು ಕರೆದು ಒಂದು ಪತ್ರ ಟೈಪು ಮಾಡಿಸಿದರು. ಅರುಣನ ಸೇವೆ ನಾಳೆಗೆ ಮುಕ್ತಾಯ, ಸಂಸ್ಥೆ ಆಭಾರಿ.

"ಇಪ್ಪತ್ತಾರಕ್ಕೆ ಮ್ಯಾಚಿದೆ ಸಾರ್" ಎಂದೆ.

"ನೀವಿದ್ದೀರಲ್ಲ ಮೇಡಂ ಜೊತೇಲಿ" ಎಂದರು.

ತಲೆಬಾಗಿಲು ನಿಜಕ್ಕೂ ಚೆನ್ನಾಗಿತ್ತು. ಎರಡೂ ಕಡೆ ಗಿಳಿ, ನಡುವೆ ಲಕ್ಷ್ಮಿ, ಬಳ್ಳಿಯ ಒಂದೊಂದು ಎಲೆಗೂ ನರ. ಆಚಾರ್ರನ್ನು ಮಣೆಯ ಮೇಲೆ ಕೂರಿಸಿ ಚಲುವರಾಜು ದಂಪತಿ ಪಂಚೆ, ಶಲ್ಯ, ಫಲತಾಂಬೂಲ ಕೊಟ್ಟು ನಮಸ್ಕಾರ ಮಾಡಿದರು. ಆಚಾರ್ರು ಹೊಸಿಲಿಗೆ ಕೈಯಿಟ್ಟು, ಈ ಬಾಗಿಲಲ್ಲಿ ಬಂದವರಿಗೆಲ್ಲ ಒಳ್ಳೆಯದಾಗಲಿ ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಸಂತೋಷಕ್ಕೆ. ಅಷ್ಟಕ್ಕೇ ಮಂಡಳಿಯವರು ಮೂರು ತಿಂಗಳು ಕಾದಿದ್ದು.

ಮಧ್ಯಾಹ್ನದ ಊಟದಲ್ಲಿ ಅರುಣ್ ಪಾಯಸ ಬಡಿಸುತ್ತಿದ್ದ. ನಮ್ಮ ಸಾಲಿಗೆ ಬಂದಾಗ ಚಲುವರಾಜು ಎಲೆಯ ಮುಂದಿನಿಂದಲೇ ಕವರು ಚಾಚಿದರು.

"ತಗಳ್ಲಾ. ಉಂಡಾದ್ಮೇಲ್ ಓದ್ಕೊ. ನಿಮ್ಮಪ್ಪುಂಗೆ ಇವತ್ ಹೇಳ್ಬ್ಯಾಡ, ಪಾಪ."

ಅವನು ಪಾಯಸದ ಪಾತ್ರೆ ಕೆಳಗಿಟ್ಟು ಅಲ್ಲೇ ಓದಿದ. ಕವರನ್ನು ಮಡಚಿ ಜೇಬಿಗಿಟ್ಟುಕೊಂಡ. ಮತ್ತೆ ಪಾತ್ರೆ ಎತ್ತಿ, ಚಲುವರಾಜು ಅವರ ಎಲೆಗೆ ಒಂದು ಸೌಟು ಹಾಕಿದ, ದೇವಯ್ಯನವರ ಎಲೆಗೆ ಹಾಕಿದ, ನನ್ನ ಎಲೆಗೂ ಹಾಕಿದ. ಪತ್ರದಲ್ಲಿದ್ದ ಅಕ್ಷರ ಯಾರು ಕುಟ್ಟಿದ್ದೆಂದು ಅವನಿಗೆ ಗೊತ್ತಿದ್ದಿರಬೇಕು. ನಾನು ಆ ಪಾಯಸವನ್ನು ಉಂಡೆ. ಬಿಟ್ಟೇಳಲು ಧೈರ್ಯ ಬರಲಿಲ್ಲ.

ಕೆ.ಆರ್. ಪೇಟೆಗೆ ನಾವು ಹನ್ನೆರಡು ಜನ ಹೋದೆವು. ಆಟಕ್ಕೆ ಮೊದಲು ದಿವ್ಯ ಚೀಲದಿಂದ ಹಗ್ಗ ತೆಗೆದಳು, ಅರುಣ್ ಕೊಟ್ಟುಹೋಗಿದ್ದ ಅದೇ ಗಂಟಿನ ಹಗ್ಗ. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಗಂಟು ಕಂಬಕ್ಕೆ ಸರಿಯಾಗಿ ಬಂದು ಕೂತಿತು. ಅವಳು ಎಡಗಂಬ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನಮ್ಮವರು ಗೋಲು ಹೊಡೆಯಲಿಲ್ಲ. ಅವರಿಗೂ ಹೊಡೆಯಲಾಗಲಿಲ್ಲ. ಕೊನೆಯ ಹತ್ತು ನಿಮಿಷ ಚೆಂಡು ನಮ್ಮ ಗೋಲಿನ ಮುಂದೆಯೇ ಇತ್ತು. ಬಲಮೂಲೆಗೆ, ಅಡ್ಡಮರದ ಕೆಳಗೆ, ಹಿಂದೆ ಎಷ್ಟೋ ಸಲ ಬಿದ್ದ ಅದೇ ಜಾಗಕ್ಕೆ ಒಂದು ಬಂತು. ಅವಳ ಬೆರಳು ಅಲ್ಲಿಗೆ ಮೊದಲೇ ಹೋಗಿತ್ತು. ಚೆಂಡು ಅಡ್ಡಮರದ ಮೇಲಿಂದ ಹಾರಿ ಹೋಯಿತು. ಬಿದ್ದವಳು ಎದ್ದು ಈ ಸಲ ಕಂಬವನ್ನು ನೋಡಲಿಲ್ಲ, ಮೈದಾನದ ಅಂಚನ್ನು ನೋಡಿದಳು. ಅಲ್ಲಿ ನಾನಿದ್ದೆ.

ಬಸ್ಸಿನಲ್ಲಿ ಅವರೆಲ್ಲ ಸೇರಿ ಅರುಣನಿಗೆ ಫೋನು ಮಾಡಿದರು. ಅವನು ತಂದೆಯ ಜೊತೆ ಯಾರದೋ ಮನೆಯ ಕಿಟಕಿ ಕೆಲಸದಲ್ಲಿದ್ದ. ಹಿಂದೆ ಮರ ಕುಯ್ಯುವ ಯಂತ್ರದ ಸದ್ದು. "ಸಾರ್, ಸೊನ್ನೆ ಸೊನ್ನೆ ಸಾರ್" ಎಂದು ದಿವ್ಯ ಕೂಗಿದಳು. ಸದ್ದು ನಿಂತಿತು.

"ಗೋಲ್ ಅಳೆದ್ರಾ ಮೊದ್ಲು?" ಎಂದು ಅವನು ಕೇಳಿದ.

"ಅಳೆದ್ವಿ ಸಾರ್. ಸರೀಗಿತ್ತು."

"ಸರಿ ಬುಡವ್ವ" ಎಂದ. ಆಚೆಯಿಂದ ಆಚಾರ್ರ ದನಿ, ಏನಂತೆ ಎಂದು. "ಕಾಗೆ ಗೆಲ್ತಂತೆ ಕಣಪ್ಪ" ಎಂದು ಅರುಣ್ ಹೇಳಿದ್ದು ಕೇಳಿಸಿತು. ಆಮೇಲೆ ಯಂತ್ರ ಮತ್ತೆ ಶುರುವಾಯಿತು.

ಮಾರ್ಚಿನಲ್ಲಿ ಮಂಡಳಿ ಸೇರಿತು. ಅದೇ ಕಿಟಕಿ, ಅದೇ ನಿಪ್ಪಟ್ಟು. ಕೆ.ಆರ್. ಪೇಟೆಯ ಹಾಳೆಯನ್ನು ಚಲುವರಾಜು ಕಣ್ಣಿನಿಂದ ದೂರ ಹಿಡಿದು ಓದಿದರು.

"ನೋಡುದ್ರಾ? ಅವ್ನಿದ್ದಾಗ ಆರಕ್ಕಾರೂ ಸೋತ್ರು. ಅವ್ನು ಓಗಿ ಒಂದ್ ವಾರಕ್ಕೆ ಒಂದ್ ಗೋಲೂ ಬಿಟ್ಕೊಟ್ಟಿಲ್ಲ. ಮೊದ್ಲೇ ತಗ್ದಾಕ್ಬೇಕಿತ್ತು. ಸುಮ್ನೆ ಮೂರ್ ತಿಂಗ್ಳು ಟೈಮ್ ಕೊಟ್ವು."

"ನಿಮ್ ಮನ್ಸು ದೊಡ್ಡುದು" ಎಂದರು ದೇವಯ್ಯ.

ಹಗ್ಗ ನನ್ನ ಚೀಲದಲ್ಲೇ ಇತ್ತು. ದಿವ್ಯ ಇಟ್ಟುಕೊಳ್ಳಿ ಎಂದು ಕೊಟ್ಟಿದ್ದಳು. ತೆಗೆದು ಮೇಜಿನ ಮೇಲೆ ಇಡಬಹುದಿತ್ತು. ಈಗ ತಲೆಬಾಗಿಲು ನಿಂತಾಗಿತ್ತು, ಗುಟ್ಟು ಕಾಯಬೇಕಾದ ಕಾರಣವೂ ಇರಲಿಲ್ಲ. ಆದರೆ ಇಟ್ಟಿದ್ದರೆ ಈ ಕೋಣೆಯಲ್ಲಿ ಮೊದಲು ಹುಟ್ಟುತ್ತಿದ್ದ ಮಾತು ಅರುಣನದಲ್ಲ, ಆಚಾರ್ರ ಅಳತೆಯದು. ಇವರು ನಗುತ್ತಿದ್ದ ರೀತಿ ನನಗೆ ಕೇಳಿಸಿತು. ಅಲ್ಲಿಗೆ ಆ ಬಾಗಿಲಿನ ಗಿಳಿಗಳೂ ಸೊಟ್ಟಗೆ ಕಾಣತೊಡಗುತ್ತಿದ್ದವು. ನನ್ನ ಹೇಡಿತನಕ್ಕೆ ಇದೊಂದು ಒಳ್ಳೆಯ ನೆಪ ಎಂಬುದೂ ಆಗಲೇ ಗೊತ್ತಿತ್ತು.

"ಬರ್ಕೊಳ್ಳಿ ಮೇಡಂ" ಎಂದರು ಪ್ರಾಂಶುಪಾಲರು.

ತರಬೇತುದಾರರನ್ನು ಕೈಬಿಟ್ಟ ಕ್ರಮದಿಂದ ತಂಡದ ಆಟದಲ್ಲಿ ಗಣನೀಯ ಸುಧಾರಣೆ ಕಂಡುಬಂದಿರುವುದನ್ನು ಸಭೆಯು ಮೆಚ್ಚುಗೆಯಿಂದ ಗಮನಿಸಿತು ಎಂದು ಬರೆದೆ. ದೇವಯ್ಯನವರು ಸಹಿ ಮಾಡುವಾಗ ಅವರ ಹೆಬ್ಬೆರಳಿನ ಎಣ್ಣೆ ಪುಟಕ್ಕೆ ಇಳಿಯಿತು. ಒತ್ತುಕಾಗದ ಒತ್ತಿದೆ, ಹೋಗಲಿಲ್ಲ. ಅದರ ಪಕ್ಕದಲ್ಲಿ ನನ್ನ ಅಕ್ಷರ ಎಂದಿನ ಹಾಗೆಯೇ ದುಂಡಗಿತ್ತು.